ನಕ್ಷೆಯ ಮೇಲಿನ ನಾಲ್ಕು ಚುಕ್ಕಿ

ತಂಗೀ, ನೀನು ಬರೆದದ್ದು ಓದಿದೆ. ಕ್ಯಾಲಿಫೋರ್ನಿಯಾದ ಸನಿವೇಲಿನಲ್ಲಿ ಮನೆ ಸಿಕ್ಕಿದೆ, ಲೀಸಿಗೆ ಸಹಿ ಹಾಕೋ ಹೊತ್ತಿಗೆ ‘ಮೇಗನ್ ಕಾನೂನು’ ಅಂತ ಒಂದು ಪ್ಯಾರಾ ಕಣ್ಣಿಗೆ ಬಿತ್ತು, ಅದರಲ್ಲಿದ್ದ ವೆಬ್‌ಸೈಟಿಗೆ ಹೋಗಿ ವಿಳಾಸ ಹಾಕಿದರೆ ನಕ್ಷೆಯಲ್ಲಿ ಸುತ್ತಮುತ್ತ ನಾಲ್ಕು ಚುಕ್ಕಿ, ಅಂದರೆ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರ ಮನೆಗಳು, ಬಂದವು, ಆರು ವರ್ಷದ ಮಗಳಿದ್ದಾಳೆ, ಈ ಮನೆ ಬಿಟ್ಟುಬಿಡಲಾ ಅಂತ ಕೇಳಿದ್ದೀಯ. ಬಿಡಬೇಡ.

ಮೊದಲನೆಯದಾಗಿ, ಆ ಪ್ಯಾರಾ ನಿನ್ನ ಬಿಲ್ಡಿಂಗಿನ ಬಗ್ಗೆ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಾಡಿಗೆಯ ಕರಾರುಗಳಲ್ಲಿ ಅದು ಇರಲೇಬೇಕು ಅಂತ ಕಾನೂನು. ಕೋಟ್ಯಧಿಪತಿಗಳ ಬೀದಿಯಲ್ಲಿ ಮನೆ ಹಿಡಿದರೂ ಅದೇ ಪ್ಯಾರಾ ಓದಬೇಕು.

ಆ ಕಾನೂನಿಗೆ ಹೆಸರು ಬಂದದ್ದು ನ್ಯೂಜೆರ್ಸಿಯ ಮೇಗನ್ ಕಾಂಕಾ ಅನ್ನೋ ಏಳು ವರ್ಷದ ಮಗುವಿನಿಂದ. 1994ರ ಜುಲೈಯಲ್ಲಿ ಎದುರು ಮನೆಯಲ್ಲಿದ್ದವನೇ ಅವಳನ್ನು ಕೊಂದ. ಅವನಿಗೆ ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಹಿಂದೆಯೇ ಶಿಕ್ಷೆಯಾಗಿತ್ತು, ಆದರೆ ಅದು ಆ ತಂದೆತಾಯಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಮಗು ಉಳೀತಿತ್ತು ಅಂತ ಅವರು ಹೋರಾಡಿದರು. ಅಂಥವರು ಎಲ್ಲಿದ್ದಾರೆ ಅಂತ ನೆರೆಹೊರೆಗೆ ತಿಳಿಸಬೇಕು ಅಂತ ಸುಮಾರು ಮೂರು ತಿಂಗಳಲ್ಲಿ ಆ ರಾಜ್ಯದಲ್ಲಿ ಕಾನೂನಾಯಿತು, 1996ರಲ್ಲಿ ಇಡೀ ದೇಶಕ್ಕೆ ಬಂತು. ಇಂಥ ಅಪರಾಧಿಗಳು ಪೊಲೀಸರ ಹತ್ತಿರ ಹೆಸರು ದಾಖಲಿಸೋ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ 1947ರಿಂದಲೇ ಇದೆ. ಜನ ನೋಡೋ ಹಾಗಾದದ್ದು ಮಾತ್ರ ಆಮೇಲೆ. ನಾನು 2003ರಲ್ಲಿ ಬಂದಾಗ ಪೊಲೀಸ್ ಠಾಣೆಗೇ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ನೋಡಬೇಕಿತ್ತು. ಮನೆಯಲ್ಲಿ ಕೂತು ನೋಡೋ ಹಾಗಾದದ್ದು 2004ರ ಡಿಸೆಂಬರಿನಲ್ಲಿ.

ಈಗ ಚುಕ್ಕಿಗಳ ವಿಷಯ. 2021ರಿಂದ ಇಲ್ಲಿ ಈ ಅಪರಾಧಿಗಳಲ್ಲಿ ಮೂರು ದರ್ಜೆ ಮಾಡಿದ್ದಾರೆ: ಮೊದಲನೆಯವರು ಕನಿಷ್ಠ 10 ವರ್ಷ, ಎರಡನೆಯವರು 20 ವರ್ಷ, ಮೂರನೆಯವರು ಜೀವನಪೂರ್ತಿ ಹೆಸರು ದಾಖಲಿಸಬೇಕು. ಪ್ರತಿ ವರ್ಷ ಹುಟ್ಟುಹಬ್ಬದ ಆಸುಪಾಸಿನ ಐದು ಕೆಲಸದ ದಿನಗಳಲ್ಲಿ ಹೋಗಿ ಹಾಜರಿ ಹಾಕಬೇಕು, ಮನೆ ಬದಲಾಯಿಸಿದರೂ ಅಷ್ಟೇ ದಿನಗಳಲ್ಲಿ ತಿಳಿಸಬೇಕು. ಪೂರ್ತಿ ವಿಳಾಸದ ಸಮೇತ ಕಾಣೋದು ಮುಖ್ಯವಾಗಿ ಮೂರನೇ ದರ್ಜೆಯವರು. ಎರಡನೆಯವರದು ಬರೀ ಝಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ), ಮೊದಲನೆಯವರಲ್ಲಿ ಹೆಚ್ಚಿನವರು ಕಾಣೋದೇ ಇಲ್ಲ. ಹಾಗಾಗಿ ನೀನು ಇನ್ನೊಂದು ಬೀದಿಯಲ್ಲಿ ಮನೆ ಹುಡುಕಿ, ಅಲ್ಲಿ ಚುಕ್ಕಿ ಇಲ್ಲ ಅಂದರೆ, ಯಾರೂ ಇಲ್ಲ ಅಂತ ಅರ್ಥ ಅಲ್ಲ. ಸಿಕ್ಕಿಬೀಳದವರಂತೂ ಯಾವ ಪಟ್ಟಿಯಲ್ಲೂ ಇರೋದಿಲ್ಲ.

ಒಂದು ಮಾತು ನನ್ನ ಕಡೆಯಿಂದ, ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಮಗಳು ಪುಟ್ಟವಳಿದ್ದಾಗ ನಾನೂ ರಾತ್ರಿ ಕೂತು ಆ ನಕ್ಷೆ ನೋಡಿದ್ದೆ. ಕೆಳಗಿನ ಮಹಡಿಯ ಹಿರಿಯರೊಬ್ಬರ ಹೆಸರೇ ಒಂದು ಫೋಟೊದ ಕೆಳಗೆ ಇತ್ತು, ಬಿಳಿ ಗಡ್ಡವೂ ಅಂಥದ್ದೇ. ಪಕ್ಕದ ಮನೆಯವರಿಬ್ಬರಿಗೆ ಕಿವಿಯಲ್ಲಿ ಹೇಳಿಯೂಬಿಟ್ಟೆ. ಮೂರು ದಿನ ಬಿಟ್ಟು ಮತ್ತೆ ತೆಗೆದು ಓದಿದರೆ ಪಟ್ಟಿಯವನ ಎತ್ತರ ಐದಡಿ ನಾಲ್ಕಿಂಚು. ಇವರು ಲಾಂಡ್ರಿ ರೂಮಿನ ಬಾಗಿಲಲ್ಲಿ ತಲೆ ಬಗ್ಗಿಸಿ ಬರೋರು! ಚಳಿಗಾಲದಲ್ಲಿ ನಮ್ಮ ಕಾರು ಸ್ಟಾರ್ಟ್ ಆಗದಿದ್ದಾಗ ಕೇಬಲ್ ಹಿಡಿದು ಬಂದವರು ಅವರೇ. ಆ ಇಬ್ಬರ ಮನೆಗೂ ಹೋಗಿ ತಪ್ಪಾಯಿತು ಅಂದೆ. ಒಬ್ಬರು ಇವತ್ತಿಗೂ ನಂಬಿಲ್ಲ ಅಂತ ನನಗೆ ಅನುಮಾನ.

ಅದಕ್ಕೇ ಹೇಳ್ತೀನಿ, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡ. ನಮ್ಮವರಿಗೆ ಫಾರ್ವರ್ಡ್ ಮಾಡೋ ಚಪಲ ಜಾಸ್ತಿ. ಆ ಮಾಹಿತಿ ಹಿಡಿದು ಯಾರಿಗಾದರೂ ಕಿರುಕುಳ ಕೊಟ್ಟು ಅದು ಅಪರಾಧವಾದರೆ 10,000ದಿಂದ 50,000 ಡಾಲರ್ ದಂಡ, ದೊಡ್ಡ ಅಪರಾಧವಾದರೆ ಹೆಚ್ಚುವರಿ ಐದು ವರ್ಷ ಜೈಲು. ವೀಸಾ ಮೇಲಿರೋರಿಗೆ ಅದು ಬೇಕಾ?

ಊರಲ್ಲಿ ಇಂಥದ್ದೇನೂ ಇರಲಿಲ್ಲ ಅಂದೆಯಲ್ಲ, ಇದೆ. 2018ರ ಸೆಪ್ಟೆಂಬರಿನಲ್ಲಿ ಭಾರತದ ಕೇಂದ್ರ ಸರ್ಕಾರ ಇಂಥ ಅಪರಾಧಿಗಳ ಪಟ್ಟಿ ಶುರು ಮಾಡಿತು, ಆಗಲೇ 4.4 ಲಕ್ಷ ದಾಖಲೆಗಳಿದ್ದವು. ಆದರೆ ಅದನ್ನು ಪೊಲೀಸರು ಮಾತ್ರ ನೋಡಬಹುದು. ಯಾವುದು ಸರಿ ಅಂತ ನನ್ನನ್ನು ಕೇಳಿದರೆ, ಮಗಳನ್ನು ಇಲ್ಲಿ ಬೆಳೆಸಿದ ಮೇಲೂ ನನಗೆ ಎರಡು ಮನಸ್ಸು. ಗೊತ್ತಿರೋದು ಒಳ್ಳೇದೇ. ಆದರೆ ನಕ್ಷೆ ನೋಡಿದ ತಾಯಿ ಆ ನಾಲ್ಕು ಮನೆ ಕಡೆಗಷ್ಟೇ ಕಣ್ಣಿಡ್ತಾಳೆ. ಅಮೆರಿಕದ ನ್ಯಾಯ ಇಲಾಖೆ 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಪೊಲೀಸರವರೆಗೆ ಬಂದ ಪ್ರಕರಣಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಲ್ಲಿ ಅಪರಿಚಿತರು ಬರೀ ಶೇ. 7. ಉಳಿದವರೆಲ್ಲ ಮನೆಯವರು, ಇಲ್ಲವೇ ಪರಿಚಯದವರು. ಅಂದರೆ ನಮ್ಮ ಪಾಟ್‌ಲಕ್ಕಿಗೆ (ಎಲ್ಲರೂ ಅಡುಗೆ ತಂದು ಹಂಚಿಕೊಳ್ಳೋ ಊಟಕ್ಕೆ) ಬರೋ ಅಂಕಲ್‌ಗಳೂ ಆ ಲೆಕ್ಕದೊಳಗೆ ಬಂದರು.

ನಾನು ಮಾಡಿದ್ದು ಇಷ್ಟು: ಯಾರ ಮಡಿಲಲ್ಲೂ ಕೂರು, ಮುತ್ತು ಕೊಡು ಅಂತ ಮಗಳಿಗೆ ಬಲವಂತ ಮಾಡೋದು ಬಿಟ್ಟೆ, ಸ್ವಂತ ಮಾವನ ವಿಷಯದಲ್ಲೂ. ‘ಅಮ್ಮನಿಗೆ ಹೇಳಬೇಡ’ ಅಂತ ಯಾರೇ ಹೇಳಿದರೂ ಆವತ್ತೇ ಬಂದು ಹೇಳಬೇಕು ಅಂತ ಅಭ್ಯಾಸ ಮಾಡಿಸಿದೆ. ಮೊದಲ ಸಲ ಅವಳು ಓಡಿ ಬಂದು ಹೇಳಿದ್ದು, ಅಪ್ಪ ಕದ್ದು ಐಸ್‌ಕ್ರೀಮ್ ಕೊಡಿಸಿದರು ಅಂತ.

ಸಹಿ ಹಾಕು. ಆ ನಾಲ್ಕು ಮುಖ ಒಂದು ಸಲ ಸರಿಯಾಗಿ ನೋಡಿ, ಎತ್ತರ ವಯಸ್ಸು ಓದಿ, ಲ್ಯಾಪ್‌ಟಾಪ್ ಮುಚ್ಚು. ಬಿಲ್ಡಿಂಗಿನ ಈಜುಕೊಳದ ಗೇಟು, ಮಗು ಒಬ್ಬಳೇ ಒಳಗೆ ಹೋಗದ ಹಾಗೆ, ತಾನಾಗೇ ಮುಚ್ಚಿಕೊಳ್ಳುತ್ತಾ ಅಂತ ಮಾತ್ರ ಹೋಗಿ ಕೈಯಲ್ಲೇ ದೂಡಿ ನೋಡು.