ಆ ಬಟನ್ ಇರುವುದು ದೀಪ ಆರಿಸುವುದಕ್ಕಲ್ಲ

ಪಿಕಪ್‌ನಲ್ಲಿ ಟೈರಿನ ಗಾಳಿ ಕಮ್ಮಿ ಅಂತ ಎಚ್ಚರಿಸುವ ದೀಪ ಹತ್ತಿದೆ, ಶನಿವಾರ ಪುಣೆಯಿಂದ ಗೋವಾಕ್ಕೆ ಲೋಡ್ ಒಯ್ಯಬೇಕು, ರೀಸೆಟ್ ಬಟನ್ ಎಷ್ಟು ಸೆಕೆಂಡ್ ಒತ್ತಿ ಹಿಡಿದರೆ ಆರುತ್ತೆ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಒತ್ತಬೇಡಿ. ನಾನು ಒತ್ತಿದ್ದೆ.

ಮೂರು ವರ್ಷದ ಹಿಂದೆ, ಮೇ ತಿಂಗಳು. ತಂಗಿಯ ಮನೆ ಸಾಮಾನು ಭೋಸರಿಯಿಂದ ಬೆಳಗಾವಿಗೆ ಸಾಗಿಸಬೇಕಿತ್ತು. ಫ್ರಿಜ್, ಎರಡು ಕಬ್ಬಿಣದ ಕಪಾಟು, ಮಂಚ, ಪಾತ್ರೆ ತುಂಬಿದ ಚೀಲಗಳು. ಪಕ್ಕದ ಸೀಟಿನಲ್ಲಿ ಅವ್ವ. ಕಾತ್ರಜ್ ಹತ್ತಿರ ಹಳದಿ ದೀಪ ಹತ್ತಿತು. ಕುದುರೆ ಲಾಳದಂಥ ಆಕಾರ, ನಡುವೆ ಆಶ್ಚರ್ಯ ಚಿಹ್ನೆ. ಇಳಿದು ನೋಡಿದೆ. ಹಿಂದಿನ ಎಡಗಡೆ ಟೈರ್ ಸ್ವಲ್ಪ ಉಬ್ಬಿತ್ತು, ಲೋಡ್ ಇದ್ದಾಗ ಅದು ಇದ್ದದ್ದೇ ಅಂದುಕೊಂಡೆ. ಸ್ಟೇರಿಂಗ್ ಕೆಳಗಿನ ಬಟನ್ ಒತ್ತಿ ಹಿಡಿದೆ. ದೀಪ ಮೂರು ಸಲ ಮಿಣುಕಿ ಆರಿತು. "ಸರಿ ಆತೇನಪಾ?" ಅಂದಳು ಅವ್ವ. ಆತು ಅಂದೆ.

ತಪ್ಪು ಆದದ್ದು ಇಲ್ಲೇ. ನನ್ನ ಗಾಡಿಯ ಟೈರಿನೊಳಗೆ ಗಾಳಿ ಅಳೆಯುವ ಸೆನ್ಸರ್ ಇಲ್ಲ. ಎಬಿಎಸ್‌ಗೆ, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೆ ಅಂತ ಪ್ರತಿ ಚಕ್ರಕ್ಕೂ ವೇಗ ಅಳೆಯುವ ಸೆನ್ಸರ್ ಇರುತ್ತಲ್ಲ, ಅದರಿಂದಲೇ ಗಾಡಿ ಅಂದಾಜು ಮಾಡುತ್ತದೆ. ಗಾಳಿ ಇಳಿದ ಟೈರ್ ತುಸು ಚಿಕ್ಕದಾಗುತ್ತದೆ, ಹಾಗಾಗಿ ಉಳಿದವುಗಳಿಗಿಂತ ಜಾಸ್ತಿ ಸುತ್ತುತ್ತದೆ. ಆ ವ್ಯತ್ಯಾಸ ಕಂಡರೆ ದೀಪ. ಬಟನ್ ಒತ್ತಿದರೆ ನಾವು ಗಾಡಿಗೆ ಹೇಳುವುದು ಒಂದೇ ಮಾತು: ಈಗ ಇರುವ ಗಾಳಿಯೇ ಸರಿ, ಇದನ್ನೇ ನೆನಪಿಟ್ಟುಕೋ. ಕಮ್ಮಿ ಗಾಳಿಯ ಟೈರನ್ನೇ ಸರಿಯಾದದ್ದು ಅಂತ ನಾನು ಅದಕ್ಕೆ ಕಲಿಸಿದೆ. ಅದು ಕಲಿತುಕೊಂಡಿತು. ಆಮೇಲೆ ದೀಪ ಹತ್ತಬೇಕಾದರೆ ಅಲ್ಲಿಂದ ಇನ್ನೂ ಸಾಕಷ್ಟು ಇಳಿಯಬೇಕಿತ್ತು. ಬಟನ್ ಕೆಟ್ಟಿರಲಿಲ್ಲ, ಗಾಡಿಯೂ ಕೆಟ್ಟಿರಲಿಲ್ಲ. ಎಚ್ಚರಿಸುತ್ತಿದ್ದ ಒಂದೇ ಒಂದು ಬಾಯಿಯನ್ನು ನಾನೇ ಮುಚ್ಚಿಸಿದೆ. ಎರಡು ನಿಮಿಷ ಪೆಟ್ರೋಲ್ ಪಂಪಿನಲ್ಲಿ ನಿಂತು ಗಾಳಿ ಚೆಕ್ ಮಾಡಿಸಿದ್ದರೆ ಮುಗಿಯುತ್ತಿತ್ತು.

ಖಂಬಾಟಕಿ ಘಾಟ್ ಹತ್ತಿದೆವು, ಸಾತಾರಾ ದಾಟಿತು, ದೀಪ ಸುಮ್ನೆ ಇತ್ತು. ಕರಾಡ ದಾಟಿದ ಮೇಲೆ ಢಮ್ ಅಂತ ಹಿಂದಿನ ಎಡ ಟೈರ್ ಒಡೆಯಿತು. ಗಾಡಿ ಎಡಕ್ಕೆ ಎಳೆಯಿತು. ಬ್ರೇಕ್ ತುಳಿಯದೆ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು ನಿಧಾನ ಮಾಡಿದ್ದಕ್ಕೆ ಬದುಕಿದೆವು. ಅವ್ವ ಡ್ಯಾಶ್‌ಬೋರ್ಡ್ ಹಿಡಿದ ರಭಸಕ್ಕೆ ಅವಳ ಎರಡು ಬಳೆ ಒಡೆದಿದ್ದವು. ಪಂಕ್ಚರ್ ಅಂಗಡಿಯವನು ಟೈರ್ ಬಿಚ್ಚಿ ಬಗ್ಗಿಸಿದಾಗ ಒಳಗಿಂದ ಒಂದು ಹಿಡಿ ಕರೀ ರಬ್ಬರ್ ಪುಡಿ ಸುರಿಯಿತು. ಕಮ್ಮಿ ಗಾಳಿಯಲ್ಲಿ ಓಡಿದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ, ಕಾದು, ಒಳಗಿಂದಲೇ ಸವೆಯುತ್ತದಂತೆ. ಒಂದು ಸಣ್ಣ ಮೊಳೆಯೂ ಸಿಕ್ಕಿತು.

ಹಾಗಾಗಿ ಎಷ್ಟು ಸೆಕೆಂಡ್ ಅನ್ನುವ ಪ್ರಶ್ನೆಯೇ ಸರಿಯಲ್ಲ ಅನ್ನುತ್ತೇನೆ. ಡ್ರೈವರ್ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಸ್ಟಿಕರ್ ಇರುತ್ತೆ. ಖಾಲಿ ಗಾಡಿಗೆ ಎಷ್ಟು ಗಾಳಿ, ಲೋಡಿಗೆ ಎಷ್ಟು ಅಂತ ಸಾಮಾನ್ಯವಾಗಿ ಅದರಲ್ಲಿ ಬೇರೆ ಬೇರೆ ಬರೆದಿರುತ್ತಾರೆ. ಪಿಕಪ್‌ಗೆ ಹಿಂದಿನ ಟೈರಿನ ಅಂಕಿ ಬಹಳ ಮುಖ್ಯ. ಬೆಳಗ್ಗೆ ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿದ್ದಾಗ ಅಳೆಯಿರಿ. ಓಡಿ ಕಾದ ಟೈರ್ ಜಾಸ್ತಿ ತೋರಿಸುತ್ತೆ, ಅದನ್ನು ನಂಬಿ ಗಾಳಿ ಬಿಡಬೇಡಿ. ಅಳೆಯುವ ಗೇಜ್ ಕೆಲವು ನೂರು ರೂಪಾಯಿಗೆ ಬರುತ್ತೆ, ಸ್ವಂತದ್ದು ಇಟ್ಟುಕೊಳ್ಳಿ. ನೈಟ್ರೋಜನ್ ಹಾಕಿಸಿ ಅಂತ ಪಂಪಿನವರು ಹೇಳಿದರೆ ಅದಕ್ಕೆ ದುಡ್ಡು ಹಾಕಬೇಡಿ, ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ನಾಲ್ಕೂ ಸರಿಯಾದ ಮೇಲೆ ಬಟನ್ ಒತ್ತಿ. ಹೇಗೆ ಅಂತ ನಿಮ್ಮ ಗಾಡಿಯ ಪುಸ್ತಕ ನೋಡಿ, ಒಂದೊಂದು ಗಾಡಿಗೆ ಒಂದೊಂದು ರೀತಿ. ಟೈರಿನೊಳಗೇ ಸೆನ್ಸರ್ ಇರುವ ಗಾಡಿಗಳಲ್ಲಿ ಎಷ್ಟೋ ಸಲ ಬಟನ್ ಬೇಕಾಗುವುದೇ ಇಲ್ಲ, ಗಾಳಿ ತುಂಬಿಸಿ ಸ್ವಲ್ಪ ದೂರ ಓಡಿಸಿದರೆ ತಾನೇ ಆರುತ್ತೆ. ಗಾಡಿ ಚಾಲೂ ಮಾಡಿದಾಗ ದೀಪ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಉರಿಯುತ್ತಲೇ ಇದ್ದರೆ ಸಾಮಾನ್ಯವಾಗಿ ಸಿಸ್ಟಂನಲ್ಲೇ ದೋಷ. ಅದಕ್ಕೆ ಸರ್ವೀಸ್ ಸೆಂಟರೇ ಬೇಕು.

ಗೋವಾಕ್ಕೆ ಅಂಬೋಲಿ ಮೇಲೆ ಹೋದರೂ ಚೋರ್ಲಾ ಮೇಲೆ ಹೋದರೂ ಘಾಟ್ ತಪ್ಪಿದ್ದಲ್ಲ. ಹೊರಡುವ ಮೊದಲು ಸ್ಟೆಪ್ನಿಯನ್ನೂ ಅಳೆಯಿರಿ. ನನ್ನ ಗಾಡಿಯ ದೀಪ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವತ್ತು ಇಳಿಸಿ ನೋಡಿದರೆ ಅದರಲ್ಲಿ ಇದ್ದದ್ದು 18 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಓಡಿಸಲು ತೀರಾ ಕಮ್ಮಿ.