ಮಾರನೆಯ ದಿನ ಎಲ್ಲಿ ಹೋಯಿತು?

ಪ್ರಿಯ ಬರಹಗಾರರೇ,

ಅಮೆರಿಕದ ಉತ್ತರದ ಒಕ್ಕೂಟಕ್ಕೂ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ನಡೆದ ಅಂತರ್ಯುದ್ಧದ ಆಂಟಿಟಮ್ ಕದನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಸಾಕಷ್ಟು ಓದಿಕೊಂಡೇ ಬರೆದಿದ್ದೀರಿ. ದಕ್ಷಿಣದ ಸೇನಾಪತಿ ಲೀ ಹೊರಡಿಸಿದ್ದ ಗುಪ್ತ ಆದೇಶ ಮೂರು ಚುರುಟಿಗೆ ಸುತ್ತಿದ ಕಾಗದವಾಗಿ ಎದುರಾಳಿ ಸೈನಿಕನ ಕೈಗೆ ಸಿಕ್ಕ ಪ್ರಸಂಗ ಓದುತ್ತಾ ನನ್ನ ಚಹಾ ಆರಿಹೋಯಿತು. ಹೊಗಳಿಕೆ ಇಷ್ಟು ಸಾಕು. ಎರಡು ಕಡೆ ಸಿಟ್ಟು ಬಂದಿದೆ, ಅದನ್ನು ಹೇಳಿಬಿಡುತ್ತೇನೆ.

ನಾಲ್ಕನೇ ಪುಟದಲ್ಲಿ ಹೀಗಿದೆ: ‘1862ರ ಸೆಪ್ಟೆಂಬರ್ 17ರಂದು ಒಂದೇ ದಿನ 23 ಸಾವಿರ ಸೈನಿಕರು ಮಡಿದರು. ರಕ್ತದ ಕೋಡಿ ಹರಿಯಿತು.’ ಇಲ್ಲ, ಅಷ್ಟು ಜನ ಮಡಿಯಲಿಲ್ಲ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲರನ್ನೂ ಕೂಡಿಸಿದ ಲೆಕ್ಕ ಅದು. ಅಂದು ಸತ್ತವರು ಸುಮಾರು 3,600. ಗಾಯಾಳುಗಳು 17 ಸಾವಿರದಷ್ಟು. ಅವರನ್ನೆಲ್ಲ ನೀವು ಒಂದೇ ಸಾಲಿನಲ್ಲಿ ಕೊಂದುಹಾಕಿದ್ದೀರಿ! ಶಾರ್ಪ್ಸ್‌ಬರ್ಗ್ ಕದನಭೂಮಿಗೆ ಅಂಟಿಕೊಂಡಿದ್ದ ಸಾವಿರ ಚಿಲ್ಲರೆ ಜನರ ಊರು. ಸುತ್ತಲಿನ ಮನೆ, ಕೊಟ್ಟಿಗೆ, ಚರ್ಚುಗಳ ತುಂಬ ನರಳುವವರು. ಓದುಗನಿಗೆ ಅದು ಕಾಣಬೇಕಿತ್ತು. ಕೋಡಿ ಯಾವ ಯುದ್ಧದಲ್ಲಿ ಹರಿದಿಲ್ಲ ಹೇಳಿ? ಉತ್ತರದ ಸೇನಾನಿ ಹೂಕರ್ ತನ್ನ ವರದಿಯಲ್ಲಿ, ಹೊಲದ ಮುಸುಕಿನ ಜೋಳದ ದಂಟುಗಳು ಚಾಕುವಿನಿಂದ ಕೊಯ್ದಷ್ಟು ನುಣ್ಣಗೆ ಕತ್ತರಿಸಿಹೋಗಿದ್ದವು, ಸೈನಿಕರು ನಿಂತ ಸಾಲಿನಲ್ಲೇ ಸತ್ತು ಬಿದ್ದಿದ್ದರು ಎಂದಿದ್ದಾನೆ. ಯುದ್ಧ ಮಾಡಿ ಬಂದವನೇ ಇಷ್ಟು ಸಮಾಧಾನವಾಗಿ ಬರೆದಿರುವಾಗ ನಿಮಗೇಕೆ ಈ ಆವೇಶ?

ಈಗ ಕೊನೆಯ ವಾಕ್ಯ. ‘ಈ ಮಹಾವಿಜಯದಿಂದ ಗುಲಾಮಗಿರಿ ಕೊನೆಗೊಂಡು ಇತಿಹಾಸದ ದಿಕ್ಕೇ ಬದಲಾಯಿತು.’ ಇದನ್ನು ಬಿಡಿಸಿ ನೋಡೋಣ.

‘ಮಹಾವಿಜಯ’. ಜಿಲ್ಲಾ ಪತ್ರಿಕೆಯೊಂದರಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಹಿರಿಯ ಉಪಸಂಪಾದಕರೊಬ್ಬರಿದ್ದರು. ಯಾವ ವರದಿ ಕೊಟ್ಟರೂ ಕೊನೆಯ ಪ್ಯಾರಾ ಮೊದಲು ಓದಿ, ಕನ್ನಡಕದ ಮೇಲಿಂದ ನೋಡಿ, “ಮಾರನೇ ದಿನ ಏನಾಯ್ತಯ್ಯಾ?” ಎನ್ನುವರು. ಕೆರೆ ನೀರಿಗಾಗಿ ಎರಡು ಊರಿನವರು ಬಡಿದಾಡಿಕೊಂಡ ಸುದ್ದಿ ತಂದಿದ್ದೆ. ತಲೆ ಒಡೆದವರ ಪಟ್ಟಿಯನ್ನು ಪಕ್ಕಕ್ಕಿಟ್ಟರು. “ಬೆಳಿಗ್ಗೆ ತೂಬು ಎತ್ತಿದವರು ಯಾರು? ಕೇಳಿಕೊಂಡು ಬಾ” ಎಂದು ಬಸ್ ಚಾರ್ಜು ಕೈಗಿಟ್ಟು ವಾಪಸ್ ಅಟ್ಟಿದರು. ಬೈದುಕೊಂಡೇ ಹೋಗಿದ್ದೆ.

ನಿಮ್ಮ ಲೇಖನದಲ್ಲಿ ಸೆಪ್ಟೆಂಬರ್ 18 ಇಲ್ಲವೇ ಇಲ್ಲ. ಅಂದು ಲೀ ಓಡಿಹೋಗಲಿಲ್ಲ. ಜರ್ಜರಿತವಾದ ಸೇನೆಯನ್ನು ಇಟ್ಟುಕೊಂಡು, ಬೆನ್ನಿಗೆ ಪೊಟೊಮ್ಯಾಕ್ ನದಿ, ದಿನವಿಡೀ ಅಲ್ಲೇ ಕೂತ. ಉತ್ತರದ ಸೇನಾಪತಿ ಮೆಕ್ಲೆಲನ್ ಬಳಿ ಹೆಚ್ಚೂಕಡಿಮೆ ಎರಡು ಪಟ್ಟು ಜನವಿದ್ದರು. ಹಿಂದಿನ ದಿನ ಬಹುಪಾಲು ಬಳಸದೇ ಉಳಿಸಿಕೊಂಡಿದ್ದ ದಳಗಳೂ ಇದ್ದವು. ಆದರೂ ಕೈಯೆತ್ತಲಿಲ್ಲ. ಆ ರಾತ್ರಿ ಲೀ ಹೊಳೆ ದಾಟಿ ವರ್ಜೀನಿಯಾ ಸೇರಿಕೊಂಡ. ನೆಲ ಉತ್ತರದವರಿಗೆ ಉಳಿಯಿತು, ದಕ್ಷಿಣದ ಸೇನೆಯೂ ಉಳಿಯಿತು. ನವೆಂಬರಿನಲ್ಲಿ ಅಧ್ಯಕ್ಷ ಲಿಂಕನ್ ಮೆಕ್ಲೆಲನ್‌ನನ್ನು ಮನೆಗೆ ಕಳಿಸಿದ. ಮಹಾವಿಜಯ ತಂದವನಿಗೆ ಹೀಗೆ ಮಾಡುತ್ತಾರೆಯೇ?

‘ಗುಲಾಮಗಿರಿ ಕೊನೆಗೊಂಡು’. ಗುಲಾಮರಿಗೆ ಬಿಡುಗಡೆ ಸಾರುವ ವಿಮೋಚನಾ ಘೋಷಣೆಯ ಕರಡನ್ನು ಲಿಂಕನ್ ಜುಲೈನಲ್ಲೇ ಸಂಪುಟದ ಮುಂದೆ ಓದಿದ್ದ. ಸೋಲುಗಳ ನಡುವೆ ಹೊರಡಿಸಿದರೆ ಕೈಲಾಗದವರ ಕೂಗಿನಂತೆ ಕೇಳಿಸುತ್ತದೆ, ಒಂದು ಗೆಲುವು ಬರಲಿ ಎಂದು ತಡೆದವನು ವಿದೇಶಾಂಗ ಸಚಿವ ಸೀವರ್ಡ್. ಈ ಅರೆಬರೆ ಗೆಲುವೇ ಸಾಕೆಂದುಕೊಂಡು ಲಿಂಕನ್ ಅದನ್ನು ಸೆಪ್ಟೆಂಬರ್ 22ರಂದು ಪ್ರಕಟಿಸಿದ. ಬಂಡೆದ್ದ ಪ್ರಾಂತ್ಯಗಳ ಗುಲಾಮರಿಗೆ ಮಾತ್ರ, ಅದೂ 1863ರ ಜನವರಿ 1ರಿಂದ. ಕದನ ನಡೆದ ಮೇರಿಲ್ಯಾಂಡ್ ಒಕ್ಕೂಟದಲ್ಲೇ ಉಳಿದಿದ್ದ ರಾಜ್ಯ, ಹಾಗಾಗಿ ಆ ಜೋಳದ ಹೊಲದ ಆಸುಪಾಸಿನ ಗುಲಾಮನಿಗೆ ಘೋಷಣೆ ಅನ್ವಯಿಸಲೇ ಇಲ್ಲ! ಆ ರಾಜ್ಯದ ಹೊಸ ಸಂವಿಧಾನ ಜಾರಿಗೆ ಬಂದ 1864ರ ನವೆಂಬರ್ 1ರವರೆಗೆ ಅವನು ಕಾಯಬೇಕಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಸಂವಿಧಾನ ತಿದ್ದುಪಡಿ ಬಂದದ್ದು 1865ರ ಡಿಸೆಂಬರಿನಲ್ಲಿ. ಇಷ್ಟು ಒಳ್ಳೆಯ ವಿಷಯ ಕೈಯಲ್ಲಿದ್ದೂ ಬಿಟ್ಟಿದ್ದೀರಲ್ಲ, ಅದೇ ನನ್ನ ಸಂಕಟ.

‘ಇತಿಹಾಸದ ದಿಕ್ಕು’. ಹೊಡೆದುಹಾಕಿದ್ದೇನೆ. ಬದಲಿಗೆ ಲಂಡನ್ನಿಗೆ ಹೋಗಿ. ಮಧ್ಯಸ್ಥಿಕೆಯ ನೆಪದಲ್ಲಿ ದಕ್ಷಿಣಕ್ಕೆ ಪ್ರತ್ಯೇಕ ದೇಶವೆಂಬ ಮಾನ್ಯತೆ ಕೊಡುವ ಯೋಚನೆ ಬ್ರಿಟನ್ನಿನ ಪ್ರಧಾನಿ ಪಾಮರ್‌ಸ್ಟನ್ ಸರ್ಕಾರಕ್ಕಿತ್ತು. ಲೀ ಹಿಂದೆ ಸರಿದದ್ದು ಕೇಳಿ ಪಾಮರ್‌ಸ್ಟನ್ ಕಾದು ನೋಡೋಣ ಎಂದ. ಘೋಷಣೆ ಬಂದಮೇಲೆ ಗುಲಾಮರ ಒಡೆಯರ ಪರ ನಿಲ್ಲುವುದು ಬ್ರಿಟನ್ನಿಗೆ ಇನ್ನೂ ಮುಜುಗರ. ದಕ್ಷಿಣದ ಮಾನ್ಯತೆಯ ಆಸೆ ಕೈಗೂಡಲೇ ಇಲ್ಲ. ಇದಕ್ಕೆ ನೀವು ಕೊಟ್ಟದ್ದು ಅರ್ಧ ಸಾಲು. (ಇದೇ ಯುದ್ಧದಿಂದ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತು, ನಮ್ಮ ಧಾರವಾಡದ ಹತ್ತಿಗೆ ಬೆಲೆ ಬಂದದ್ದು. ಅದು ಬೇರೆ ಲೇಖನ, ಇದರಲ್ಲಿ ತುರುಕಬೇಡಿ.)

17ರ ಸಂಜೆಯಿಂದ 22ರವರೆಗೆ ಏನಾಯಿತೆಂದು ಒಂದು ಪುಟ ಬರೆದು ಕಳಿಸಿ. ಜಾಗದ ಚಿಂತೆ ಬೇಡ, ಸೇನಾಪತಿಗಳ ಬಾಲ್ಯದ ಎರಡು ಪುಟ ನಾನೇ ತೆಗೆಯುತ್ತೇನೆ.

ಇಂತಿ,
ಸಂಪಾದಕ