“ಓನರ್ ಜೇಬಿಂದ ಕೊಡಬೇಕಾ ಅಕ್ಕ?”

ಐರ್ಲೆಂಡಿನ ಡಬ್ಲಿನ್‌ನಲ್ಲಿ ನಮ್ಮ ಕನ್ನಡದವರಿಗೆ ಆಪ್ತಸಲಹೆ ಕೊಡುತ್ತೇನೆ. ಪ್ರತಿ ಚಳಿಗಾಲ ಒಂದೇ ತೊಂದರೆ ಬೇರೆ ಬೇರೆ ಮುಖ ಹೊತ್ತು ಬರುತ್ತದೆ. ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅಂತಾರೆ. ಮಾತಾಡುತ್ತಾ ಹೋದರೆ ಗೊತ್ತಾಗುತ್ತದೆ, ಜ್ವರ ಬಂದರೂ ರಜೆ ಕೇಳಲು ಭಯ.

ಅಂಥ ಒಬ್ಬರ ಕಥೆ ಇದು. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವ ವಿವರ ಬದಲಿಸಿದ್ದೇನೆ. ಸುಮಾ ಅನ್ನೋಣ. ವರ್ಕ್ ಪರ್ಮಿಟ್ ಮೇಲೆ ಬಂದು 14 ತಿಂಗಳು. ವಯಸ್ಸಾದವರ ಕೇರ್ ಹೋಮ್‌ನಲ್ಲಿ 12 ಗಂಟೆಯ ಶಿಫ್ಟ್. ಮಗ ಊರಲ್ಲಿ, ಅಜ್ಜಿಯ ಹತ್ತಿರ. ಒಂದು ವಾರ ಪ್ಯಾರಾಸಿಟಮಾಲ್ ನುಂಗಿ ಜ್ವರದಲ್ಲೇ ಕೆಲಸ ಮಾಡಿದ್ದರು. ಆಮೇಲೆ ಅವರು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿಗೆ ಎದೆ ಕಟ್ಟಿತು. “ನಾನೇ ಅಂಟಿಸಿದೆ” ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು.

ಮೊದಲ ಎರಡು ಭೇಟಿ ಅದರಲ್ಲೇ ಕಳೆಯಿತು. ಮೂರನೆಯ ಸಲ ನೇರವಾಗಿ ಕೇಳಿದೆ, ಸಿಕ್ ಪೇ, ಅಂದರೆ ಹುಷಾರಿಲ್ಲದ ದಿನಕ್ಕೆ ಸಿಗುವ ದುಡ್ಡು, ಇದೆಯಲ್ಲ, ಯಾಕೆ ತಗೊಳ್ಳಲಿಲ್ಲ?

“ಸರ್ಕಾರ ಕೊಡೋದಲ್ವಾ ಅಕ್ಕ? ಅದಕ್ಕೆ ಎಷ್ಟು ಕಾಗದ ತುಂಬಬೇಕೋ ಅಂತ ಸುಮ್ನಾದೆ.”

ಇಲ್ಲ, ಮೊದಲ ದಿನಗಳದ್ದು ಕೆಲಸ ಕೊಟ್ಟವರೇ ಕೊಡಬೇಕು ಅಂದೆ. ಸಮಾಧಾನ ಆಗುತ್ತೆ ಅಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಇಳಿಯಿತು.

“ಓನರ್ ಜೇಬಿಂದ ಕೊಡಬೇಕಾ ಅಕ್ಕ? ಹಾಗಾದ್ರೆ ನಾನು ಮಲಗಿದ್ರೆ ಅವರಿಗೆ ಲಾಸ್. ನನ್ನ ಮೇಲೆ ಸಿಟ್ಟು ಬರಲ್ವಾ?”

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಊರಲ್ಲಿ ಅವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇತ್ತು. ಸಂಬಳದ 0.75% ಅವರದ್ದು, 3.25% ಮಾಲೀಕರದ್ದು, ತಿಂಗಳು ತಿಂಗಳು ಹೋಗುತ್ತಿತ್ತು. ಹುಷಾರು ತಪ್ಪಿದರೆ ನಿಗಮವೇ 70% ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಇಲ್ಲೂ 70%, ಆದರೆ ಕೊಡುವವರು ನಾಳೆ ಎದುರಿಗೆ ಸಿಗುವವರು. ಮನಸ್ಸಿಗೆ ಇವೆರಡೂ ಒಂದೇ ಅಲ್ಲ. ಒಂದು ವಿಮೆ, ಇನ್ನೊಂದು ಋಣದ ಹಾಗೆ ಕಾಣುತ್ತದೆ.

ಅದಕ್ಕೇ ಅವರಿಗೆ ಈ ಕಾನೂನಿನ ಕಥೆ ಹೇಳಿದೆ. 2020ರಲ್ಲಿ ಇಲ್ಲಿನ ಮಾಂಸದ ಕಾರ್ಖಾನೆಗಳಲ್ಲಿ ಕೋವಿಡ್ ಹರಡಿತು. ಅಲ್ಲಿ ತುಂಬಾ ಜನಕ್ಕೆ ಸಿಕ್ ಪೇ ಇರಲಿಲ್ಲ. ಮಲಗಿದರೆ ಸಂಬಳ ಇಲ್ಲ. 2021ರ ಜೂನ್‌ನಲ್ಲಿ ಆಗಿನ ಉಪಪ್ರಧಾನಿ ಲಿಯೋ ವರಾಡ್ಕರ್ ಯೋಜನೆ ಪ್ರಕಟಿಸಿದರು. ವರ್ಷಕ್ಕೆ ಮೂರು ದಿನದಿಂದ ಶುರುಮಾಡಿ ಹಂತಹಂತವಾಗಿ ಹತ್ತು ದಿನಕ್ಕೆ ಏರಿಸುವುದು. 2023ರ ಜನವರಿಯಿಂದ 3 ದಿನ, 2024ರಿಂದ 5 ದಿನ ಆಯಿತು. 2025ರಲ್ಲಿ 7 ಆಗಬೇಕಿತ್ತು, ಸರ್ಕಾರ 5ಕ್ಕೇ ನಿಲ್ಲಿಸಿತು. ಇದು ನನಗೆ ಬೇಸರದ ವಿಷಯ, ಅವರ ಮುಂದೆಯೂ ಮುಚ್ಚಿಡಲಿಲ್ಲ.

“ಯಾರ ದಯೆಯೂ ಅಲ್ಲ ಇದು. 13 ವಾರ ದುಡಿದವರಿಗೆಲ್ಲ ಸಿಗುತ್ತೆ. ಆ ದಿನಗಳಲ್ಲಿ ಕಾನೂನಿನ ಲೆಕ್ಕದಲ್ಲಿ ನೀವು ಕೆಲಸದಲ್ಲೇ ಇದ್ದ ಹಾಗೆ” ಅಂದೆ. ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡರು.

ಆಮೇಲೆ ಕಾಗದ ತಗೊಂಡು ಲೆಕ್ಕ ಹಾಕಿದೆವು. ಒಂದು ಶಿಫ್ಟಿಗೆ 168 ಯೂರೋ. ಅದರ 70% ಸುಮಾರು 118, ಆದರೆ ದಿನಕ್ಕೆ 110ರ ಮಿತಿ ಇದೆ. ಡಾಕ್ಟರ್ ಸರ್ಟಿಫಿಕೇಟ್ ಬೇಕೇ ಬೇಕು, ಅವರ ಜಿಪಿ (ಮಾಮೂಲಿ ಡಾಕ್ಟರ್) ಫೀ 65. ಒಂದೇ ದಿನ ರಜೆ ಹಾಕಿದರೆ ಕೈಗೆ 45. ಮೂರು ಶಿಫ್ಟಿಗೆ ಒಂದೇ ಸರ್ಟಿಫಿಕೇಟ್ ಆದರೆ 265. ಹಾಗಾಗಿ, ಡಾಕ್ಟರ್ ಎಷ್ಟು ದಿನ ಹೇಳುತ್ತಾರೋ ಅಷ್ಟೂ ದಿನ ಮಲಗಿ ಅಂದೆ. ಅರ್ಧ ವಾಸಿಯಾಗಿ ಓಡಬೇಡಿ. ಇದಕ್ಕೇ ಅಂತ ತಿಂಗಳಿಗೆ 20 ಯೂರೋ ಬೇರೆ ಇಡಿ. ಐದು ದಿನ ಮುಗಿದ ಮೇಲೆ ಬರುವ ಸರ್ಕಾರದ ಇಲ್‌ನೆಸ್ ಬೆನಿಫಿಟ್‌ಗೆ 104 ವಾರದ ಪಿಆರ್‌ಎಸ್‌ಐ (ಇಲ್ಲಿನ ಸಾಮಾಜಿಕ ವಿಮೆಯ ಕಂತು) ಕಟ್ಟಿರಬೇಕು. 14 ತಿಂಗಳಿಗೆ ಅದು ಸಿಗಲ್ಲ. ಇದನ್ನೂ ಹೇಳಿದೆ.

ಒಬ್ಬ ಸಹೋದ್ಯೋಗಿ ಕೇಳಿದರು, ನೀವು ಆಪ್ತಸಲಹೆ ಕೊಡೋದಾ, ಲೆಕ್ಕ ಬರೆಯೋದಾ? ನನ್ನ ಉತ್ತರ ಇಷ್ಟೇ. ಸುಮಾ ಅವರ ಭಯಕ್ಕೆ ಒಂದು ಮೊತ್ತ ಇತ್ತು. ಅದು ಎಷ್ಟು ಅಂತ ಗೊತ್ತಾಗದೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಜ್ಜಿಯ ವಿಷಯದಲ್ಲೂ ಸುಳ್ಳು ಸಮಾಧಾನ ಹೇಳಲಿಲ್ಲ. ನಿಮ್ಮಿಂದ ಬಂತೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ, ಮುಂದಿನ ಜ್ವರದಲ್ಲಿ ಏನು ಮಾಡುತ್ತೀರಿ ಅನ್ನೋದು ನಿಮ್ಮ ಕೈಲಿದೆ ಅಂದೆ.

ಜನವರಿಯಲ್ಲಿ ಮತ್ತೆ ಜ್ವರ ಬಂತು. ಬೆಳಗ್ಗೆ ಐದೂವರೆಗೆ ಮ್ಯಾನೇಜರ್‌ಗೆ ಮೆಸೇಜ್ ಹಾಕಿ, ನನಗೂ ಕಳಿಸಿದರು. ಡಾಕ್ಟರ್ ಮೂರು ದಿನ ಬರೆದುಕೊಟ್ಟಿದ್ದರು. ಎರಡು ದಿನ ಮಲಗಿದರು. ಮೂರನೆಯ ದಿನ ಕೆಮ್ಮಿಕೊಂಡೇ ಕೆಲಸಕ್ಕೆ ಹೋದರು.